ಗರ್ಭಕೋಶದ ಗಡ್ಡೆಗೆ ಮಾತ್ರೆ ತಗೊಳ್ಳುವಾಗ ಸ್ಕ್ಯಾನಿಂಗ್ ಲೆಕ್ಕ ಇಡೋದು ಹೇಗೆ: ಒಬ್ಬ ಟೈಲರ್‌ನ ಅಳತೆ ಪುಸ್ತಕದಿಂದ

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ದಾವಣಗೆರೆಯಲ್ಲಿ ಬ್ಲೌಸ್ ಹೊಲಿಯುವವಳು. ಇಪ್ಪತ್ತೆರಡು ವರ್ಷದಿಂದ ಟೇಪು ಕುತ್ತಿಗೆಯಲ್ಲೇ ಇದೆ. ಮಗಳು ಮಂಗಳೂರಲ್ಲಿ ನರ್ಸಿಂಗ್ ಓದಿ ಈಗ ಅಲ್ಲೇ ಕೆಲಸ ಮಾಡುತ್ತಾಳೆ. ನನಗೆ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಆದಾಗ ಓಡಾಡಿ ಕಲಿತದ್ದು, ಡಾಕ್ಟರ್ ಬಿಡಿಸಿ ಹೇಳಿದ್ದು, ಮಗಳು ತಿದ್ದಿದ್ದು, ಎಲ್ಲ ಸೇರಿಸಿ ಬರೆಯುತ್ತಿದ್ದೇನೆ. ಅಂಗಡಿಗೆ ಬರುವವರಲ್ಲಿ ತಿಂಗಳಿಗೆ ಒಬ್ಬರಾದರೂ "ಅಕ್ಕಾ, ನನಗೂ ಗಡ್ಡೆ ಅಂತೆ, ಮಾತ್ರೆ ಕೊಟ್ಟಿದ್ದಾರೆ, ಕರಗುತ್ತಾ?" ಅಂತ ಕೇಳುತ್ತಾರೆ. ಬ್ಲೌಸ್ ಟ್ರಯಲ್ ನೋಡುತ್ತಾ ನಿಂತಲ್ಲೇ ಹೇಳಿ ಮುಗಿಸುವ ವಿಷಯ ಅಲ್ಲ ಅದು.

ನಾನು ತಗೊಂಡ ಮಾತ್ರೆಯ ಹೆಸರು, ಡೋಸು ಮುಂದೆ ಬರುತ್ತದೆ. ದಯವಿಟ್ಟು ಅದನ್ನು ನೋಡಿಕೊಂಡು ಮೆಡಿಕಲ್ ಶಾಪಿಗೆ ಹೋಗಬೇಡಿ. ನನ್ನ ಅಳತೆಯ ಬ್ಲೌಸ್ ನಿಮಗೆ ಕೂರುವುದಿಲ್ಲ, ಅಲ್ವಾ?

ನನ್ನ ಕಥೆ ಚಿಕ್ಕದು. ಆಗ ನನಗೆ 44. ಮುಟ್ಟಿನ ಎರಡನೇ ದಿನ ಮಷೀನ್ ಮುಂದೆ ಅರ್ಧ ಗಂಟೆ ಕೂರಲು ಆಗುತ್ತಿರಲಿಲ್ಲ. ಸ್ಟೂಲಿನ ಮೇಲೆ ಹಳೇ ಟವಲ್ ಮಡಚಿ ಹಾಕಿಕೊಂಡು ಹೊಲಿಯುತ್ತಿದ್ದೆ. ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ ನೋಡಿದರೆ 7.4. ಹೆಂಗಸರಿಗೆ 12 ಇರಬೇಕು, 8ಕ್ಕಿಂತ ಕೆಳಗೆ ಅಂದರೆ ತೀವ್ರ ರಕ್ತಹೀನತೆ. ಮೊದಲು ತೋರಿಸಿದ ಕಡೆ ರಿಪೋರ್ಟ್ ನೋಡಿ, "ಮಕ್ಕಳಾಗಿವೆಯಲ್ಲಮ್ಮ, ಗರ್ಭಕೋಶ ತೆಗೆಸಿಬಿಡಿ, ಸೋಮವಾರ ಬನ್ನಿ" ಅಂದರು. ಅತ್ತೆಯೂ "ತೆಗೆಸಿಬಿಡವ್ವ, ಪೀಡೆ ಹೋಗಲಿ" ಅಂದರು. ನಾನೂ ತಲೆ ಆಡಿಸಿ ಬಂದಿದ್ದೆ. ಮಗಳು ಫೋನಲ್ಲಿ ಕೂಗಾಡಿ ಇನ್ನೊಬ್ಬ ಹೆಂಗಸರ ಡಾಕ್ಟರ್ ಹತ್ತಿರ ಕಳಿಸಿದಳು. ಕೆಲವರಿಗೆ ಆಪರೇಷನ್ನೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಡದವರಿಗೂ ಗರ್ಭಕೋಶ ತೆಗೆಯುವುದು ಎಷ್ಟು ಜಾಸ್ತಿ ಆಗಿತ್ತು ಅಂದರೆ, 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಇದನ್ನು ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಅಂತ ರಾಜ್ಯಗಳಿಗೆಲ್ಲ ಹೇಳಬೇಕಾಯಿತು.

ಎರಡನೇ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ನಿಮಗೆ ತೊಂದರೆ ಕೊಡ್ತಿರೋದು ಗಡ್ಡೆನಾ, ರಕ್ತ ಹೋಗೋದಾ?" ನನಗೆ ಎರಡೂ ಒಂದೇ ಅನ್ನಿಸಿತ್ತು. ಒಂದೇ ಅಲ್ಲ. ಮಾತ್ರೆ ಕೆಲಸ ಮಾಡುತ್ತಿದೆಯಾ ಅಂತ ನೋಡುವಾಗ ಎರಡಕ್ಕೂ ಬೇರೆ ಬೇರೆ ಲೆಕ್ಕ ಇಡಬೇಕು. ರಕ್ತದ ಲೆಕ್ಕ ಮನೆಯಲ್ಲಿ, ಗಡ್ಡೆಯ ಲೆಕ್ಕ ಸ್ಕ್ಯಾನಿಂಗ್‌ನಲ್ಲಿ.

ರಕ್ತದ ಲೆಕ್ಕ

ಅಳತೆ ಬರೆಯುವ ಉದ್ದನೆಯ ಪುಸ್ತಕ ನನ್ನ ಹತ್ತಿರ ಇದ್ದೇ ಇರುತ್ತದೆ. ಅದರ ಹಿಂದಿನ ಹಾಳೆಗಳಿಂದ ಶುರು ಮಾಡಿದೆ. ಡಾಕ್ಟರ್ ಒಂದು ಲೆಕ್ಕ ಹೇಳಿಕೊಟ್ಟರು. ಪ್ಯಾಡಿಗೆ ಸ್ವಲ್ಪ ಕಲೆ ಆಗಿದ್ದರೆ 1, ಅರ್ಧದಷ್ಟು ಆಗಿದ್ದರೆ 5, ಪೂರ್ತಿ ನೆನೆದಿದ್ದರೆ 20. ಸಣ್ಣ ಹೆಪ್ಪು ಬಿದ್ದರೆ 1, ದೊಡ್ಡದಕ್ಕೆ 5. ಮುಟ್ಟು ಮುಗಿದ ಮೇಲೆ ಎಲ್ಲ ಕೂಡಿಸಬೇಕು. 100 ದಾಟಿದರೆ ಜಾಸ್ತಿ ಹೋಗುತ್ತಿದೆ ಅಂತ ಲೆಕ್ಕ. ನನ್ನ ಎರಡನೇ ದಿನದ ಸಾಲು ಈಗಲೂ ಪುಸ್ತಕದಲ್ಲಿದೆ: ಪೂರ್ತಿ ನೆನೆದದ್ದು 6, ಅರ್ಧ 3, ದೊಡ್ಡ ಹೆಪ್ಪು 4. ಅಂದರೆ 120, 15, 20. ಒಂದೇ ದಿನಕ್ಕೆ 155! ಆ ತಿಂಗಳ ಮೊತ್ತ 340. ಇಷ್ಟು ವರ್ಷ "ನಮ್ಮ ಕಡೆಯವರಿಗೆಲ್ಲ ಹೀಗೇ" ಅಂದುಕೊಂಡು ಸುಮ್ನೆ ಇದ್ದೆನಲ್ಲ ಅಂತ ಹೊಟ್ಟೆ ಉರಿಯಿತು.

ಬಟ್ಟೆ ಬಳಸುವವರು ಬಟ್ಟೆಗೂ ಇದೇ ರೀತಿ ಗುರುತು ಹಾಕಬಹುದು. ಅಂಕಿ ಕರಾರುವಾಕ್ಕಾಗಿ ಇರದಿದ್ದರೂ ಪರವಾಗಿಲ್ಲ. ಒಂದು ತಿಂಗಳಿಗೂ ಮುಂದಿನ ತಿಂಗಳಿಗೂ ಹೋಲಿಸಿದರೆ ಸಾಕು. ಜೊತೆಗೆ ಹಿಮೋಗ್ಲೋಬಿನ್: ಶುರುವಿನಲ್ಲಿ ಒಮ್ಮೆ, ಆಮೇಲೆ ಡಾಕ್ಟರ್ ಹೇಳಿದಾಗಲೆಲ್ಲ.

ನನಗೆ 7.4 ಇದ್ದದ್ದರಿಂದ ಮಾತ್ರೆ ಸಾಲದು ಅಂತ ಆಸ್ಪತ್ರೆಯಲ್ಲಿ ಕೂರಿಸಿ ಡ್ರಿಪ್ಪಿನಲ್ಲಿ ಕಬ್ಬಿಣದ ಅಂಶ ಕೊಟ್ಟರು. ಕಬ್ಬಿಣದ ಮಾತ್ರೆ ಕೊಟ್ಟರೆ ಟೀ, ಕಾಫಿ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ನಿಂಬೆ ಹಣ್ಣಿನ ನೀರಿನ ಜೊತೆ ಒಳ್ಳೇದು. ಮಲ ಕಪ್ಪಾದರೆ ಗಾಬರಿ ಬೇಡ.

ಯಾವ ಔಷಧಿಯಿಂದ ಏನು ನಿರೀಕ್ಷೆ ಮಾಡಬಹುದು

ಇಲ್ಲೇ ಎಲ್ಲರೂ ಎಡವುವುದು. "ಗಡ್ಡೆಗೆ ಮಾತ್ರೆ" ಅಂತ ಕೊಟ್ಟಿದ್ದೆಲ್ಲ ಗಡ್ಡೆ ಸಣ್ಣ ಮಾಡುವ ಮಾತ್ರೆ ಅಲ್ಲ. ಮೂರು ತಿಂಗಳು ಟ್ರಾನೆಕ್ಸಾಮಿಕ್ ಆಸಿಡ್ ನುಂಗಿ, ಸ್ಕ್ಯಾನ್ ಮಾಡಿಸಿ, "ಒಂದು ಎಳೆಯೂ ಕರಗಿಲ್ಲ" ಅಂತ ಅಳುತ್ತಾ ಬಂದವರನ್ನು ನೋಡಿದ್ದೇನೆ. ಆ ಮಾತ್ರೆ ಇರುವುದು ಮುಟ್ಟಿನ ದಿನಗಳಲ್ಲಿ ರಕ್ತ ಹೋಗುವುದನ್ನು ಕಡಿಮೆ ಮಾಡಲು ಮಾತ್ರ. ಗಡ್ಡೆಯ ತಂಟೆಗೇ ಅದು ಹೋಗುವುದಿಲ್ಲ. ಮೆಫೆನಾಮಿಕ್ ಆಸಿಡ್ ನೋವಿಗೆ, ಸ್ವಲ್ಪ ರಕ್ತಕ್ಕೆ. ಇವೆರಡಕ್ಕೂ ಸ್ಕ್ಯಾನಿಂಗ್‌ನಲ್ಲಿ ಫಲ ಹುಡುಕಬೇಡಿ, ಪ್ಯಾಡಿನ ಲೆಕ್ಕದಲ್ಲಿ ಹುಡುಕಿ. ಹಿಂದೆ ಯಾವಾಗಲಾದರೂ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದರೆ ಟ್ರಾನೆಕ್ಸಾಮಿಕ್ ಕೊಡುವ ಮೊದಲೇ ಡಾಕ್ಟರಿಗೆ ಹೇಳಬೇಕು.

ನಾರೆಥಿಸ್ಟೆರಾನ್ ಥರದ ಹಾರ್ಮೋನ್ ಮಾತ್ರೆಗಳೂ ಹೆಚ್ಚಾಗಿ ರಕ್ತದ ಕಡೆಗೇ. ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಕಾಪರ್‌-ಟಿ ಥರದ ಸಾಧನ ಇದೆ, ಮಿರೀನಾ ಅಂತ ಕರೆಯುತ್ತಾರೆ (ಅದರಲ್ಲಿ ತಾಮ್ರ ಇಲ್ಲ, ಆದರೂ ಎಲ್ಲರ ಬಾಯಲ್ಲೂ ಕಾಪರ್‌-ಟಿಯೇ). ರಕ್ತ ಚೆನ್ನಾಗಿ ಕಡಿಮೆ ಮಾಡುತ್ತದೆ. ಆದರೆ ಗಡ್ಡೆ ಒಳಗಿನ ಜಾಗವನ್ನು ಒತ್ತಿ ಸೊಟ್ಟ ಮಾಡಿದ್ದರೆ ಜಾರಿ ಬಿದ್ದುಹೋಗುವ ಸಾಧ್ಯತೆ ಹೆಚ್ಚು. ಇಲ್ಲಿ ಸ್ಕ್ಯಾನಿಂಗ್‌ನ ಕೆಲಸ ಅದು ಸರಿಯಾದ ಜಾಗದಲ್ಲಿ ಕೂತಿದೆಯಾ ಅಂತ ನೋಡುವುದು. ಆರ್ಮೆಲಾಕ್ಸಿಫೀನ್ ಅನ್ನುವ ಮಾತ್ರೆಯನ್ನೂ ನಮ್ಮಲ್ಲಿ ಕೊಡುತ್ತಾರೆ. ಲಖನೌದ ಸಿಡಿಆರ್‌ಐ ಸಂಸ್ಥೆಯಲ್ಲಿ ಹುಟ್ಟಿದ ನಮ್ಮ ದೇಶದ್ದೇ ಔಷಧಿ. ಸಹೇಲಿ, ಛಾಯಾ ಅಂತ ಸಂತಾನ ತಡೆಗೆ ಸಿಗುವುದೂ ಇದೇ. ಮುಟ್ಟನ್ನು ಮುಂದಕ್ಕೆ ತಳ್ಳುತ್ತದೆ, ರಕ್ತ ತಗ್ಗಿಸುತ್ತದೆ.

ಗಡ್ಡೆಯನ್ನೇ ಸಣ್ಣ ಮಾಡುವುದು ಅಂದರೆ ಮುಖ್ಯವಾಗಿ ಎರಡು ಜಾತಿ. ಒಂದು ಲ್ಯುಪ್ರೊಲೈಡ್ ಥರದ ಇಂಜೆಕ್ಷನ್. ತಿಂಗಳಿಗೊಂದು 3.75 ಮಿಲಿಗ್ರಾಂ, ಇಲ್ಲವೇ ಮೂರು ತಿಂಗಳಿಗೊಂದು 11.25. ಮುಟ್ಟು ನಿಂತವರ ಹಾಗೆ ಮೈಯನ್ನು ಮಾಡಿಬಿಡುತ್ತದೆ. ಮೊದಲ ಒಂದೆರಡು ವಾರ ಉಲ್ಟಾ ರಕ್ತ ಜಾಸ್ತಿ ಆಗಬಹುದು. ಆಮೇಲೆ ಮುಟ್ಟು ನಿಲ್ಲುತ್ತದೆ, ಮೂರು ತಿಂಗಳಲ್ಲಿ ಗಡ್ಡೆ ಮೂರನೇ ಒಂದರಿಂದ ಅರ್ಧದಷ್ಟು ಕುಗ್ಗುತ್ತದೆ. ಆದರೆ ಮೈ ಬಿಸಿ, ರಾತ್ರಿ ಬೆವರು, ಮೂಳೆ ಸವೆತ. ಹಾಗಾಗಿ ಬರೀ ಇದನ್ನೇ ಆರು ತಿಂಗಳಿಗಿಂತ ಹೆಚ್ಚು ಕೊಡುವುದಿಲ್ಲ. ನಿಲ್ಲಿಸಿದ ಕೆಲವೇ ತಿಂಗಳಲ್ಲಿ ಗಡ್ಡೆ ಮತ್ತೆ ಬೆಳೆಯುತ್ತದೆ. ಆಪರೇಷನ್‌ಗೆ ಮುಂಚೆ ಹಿಮೋಗ್ಲೋಬಿನ್ ಹೆಚ್ಚಿಸಿಕೊಳ್ಳಲು, ಗಡ್ಡೆ ಸಣ್ಣ ಮಾಡಿಕೊಳ್ಳಲು ಇದು ಹೆಚ್ಚು ಬಳಕೆ.

ಇನ್ನೊಂದು ಮಿಫೆಪ್ರಿಸ್ಟೋನ್. ನನಗೆ ಕೊಟ್ಟದ್ದು ಇದೇ, ದಿನಕ್ಕೆ 25 ಮಿಲಿಗ್ರಾಂ, ಮೂರು ತಿಂಗಳು. ಕೊಡುವ ಮೊದಲು ಗರ್ಭಿಣಿ ಅಲ್ಲ ಅಂತ ಪರೀಕ್ಷೆ, ಲಿವರ್ ಪರೀಕ್ಷೆ, ಗರ್ಭಕೋಶದ ಒಳಪದರದ ಚೂರು ತೆಗೆದು ಬಯಾಪ್ಸಿ, ಇಷ್ಟೂ ಆಯಿತು. ಬಯಾಪ್ಸಿ ಯಾಕೆ ಅಂದರೆ, ನನ್ನ ವಯಸ್ಸಿನಲ್ಲಿ ಇಷ್ಟು ರಕ್ತ ಹೋಗುವಾಗ ಎಲ್ಲ ತಪ್ಪನ್ನೂ ಗಡ್ಡೆಯ ತಲೆಗೆ ಕಟ್ಟುವ ಹಾಗಿಲ್ಲ. ಒಳಪದರದಲ್ಲಿ ಬೇರೇನೂ ಇಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಬೇಕು.

ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ, ನನ್ನ ಮುಖ ನೋಡಿ, ಮತ್ತೆ ಚೀಟಿ ನೋಡಿದ. ಇದೇ ಔಷಧಿ 200 ಮಿಲಿಗ್ರಾಂನಲ್ಲಿ ಗರ್ಭಪಾತಕ್ಕೆ ಕೊಡುವುದು ಅಂತ ನನಗೆ ಆಮೇಲೆ ಗೊತ್ತಾಯಿತು. ನಾಚಿಕೆ ಪಡುವ ವಿಷಯ ಏನೂ ಇಲ್ಲ. ಚೀಟಿಯಲ್ಲಿ ಕಾಯಿಲೆಯ ಹೆಸರು ಬರೆಸಿಕೊಂಡು ಹೋಗಿ, ಅಷ್ಟೆ. ಆಸ್ತಮಾಗೋ ಕೀಲುವಾತಕ್ಕೋ ಸ್ಟೀರಾಯ್ಡ್ ಮಾತ್ರೆ ತಗೊಳ್ಳುವವರು ಅದನ್ನು ಡಾಕ್ಟರಿಗೆ ಹೇಳಲೇಬೇಕು, ಎರಡೂ ಒಟ್ಟಿಗೆ ಆಗಿಬರುವುದಿಲ್ಲ.

ಇದರ ತಂಗಿಯಂಥದ್ದು ಯುಲಿಪ್ರಿಸ್ಟಾಲ್ 5 ಮಿಲಿಗ್ರಾಂ. ಗಡ್ಡೆ ಸಣ್ಣ ಆಗುತ್ತದೆ, ರಕ್ತ ನಿಲ್ಲುತ್ತದೆ. ಆದರೆ ಕೆಲವೇ ಕೆಲವರಿಗೆ ಲಿವರ್ ಪೂರ್ತಿ ಕೆಟ್ಟು ಬದಲಿ ಲಿವರ್ ಹಾಕಬೇಕಾಗಿ ಬಂತು. 2020ರಲ್ಲಿ ಯುರೋಪಿನಲ್ಲಿ ಇದರ ಬಳಕೆಗೆ ಬಿಗಿ ಕಟ್ಟು ಹಾಕಿದರು. ನಿಮಗೆ ಇದನ್ನು ಬರೆದುಕೊಟ್ಟರೆ "ಲಿವರ್ ಟೆಸ್ಟ್ ಯಾವಾಗ ಯಾವಾಗ?" ಅಂತ ಅಲ್ಲೇ ಕೇಳಿ. ಶುರು ಮಾಡುವ ಮುಂಚೆ, ನುಂಗುವಾಗ ಪ್ರತಿ ತಿಂಗಳು, ನಿಲ್ಲಿಸಿದ ಮೇಲೂ ಒಮ್ಮೆ ಮಾಡಿಸಬೇಕು. ಕಣ್ಣು ಹಳದಿ, ವಾಕರಿಕೆ, ತುಂಬಾ ಸುಸ್ತು ಬಂದರೆ ಆ ದಿನವೇ ನಿಲ್ಲಿಸಿ ಹೋಗಿ ತೋರಿಸಬೇಕು.

ಹೊಸದು ಒಂದಿದೆ, ರೆಲುಗೊಲಿಕ್ಸ್ ಜೊತೆ ಸ್ವಲ್ಪ ಹಾರ್ಮೋನ್ ಸೇರಿಸಿದ ಮಾತ್ರೆ. ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿ ನೆಂಟರಿರುವ ಗಿರಾಕಿಯೊಬ್ಬರು ಕೇಳಿದ್ದಕ್ಕೆ ಮಗಳು ಓದಿ ಹೇಳಿದಳು. ಪರೀಕ್ಷೆಗಳಲ್ಲಿ ಹತ್ತರಲ್ಲಿ ಏಳು ಜನಕ್ಕೆ ರಕ್ತ ಚೆನ್ನಾಗಿ ತಗ್ಗಿತು. ಗಡ್ಡೆಯ ಗಾತ್ರ ಮಾತ್ರ ಅಂಥದ್ದೇನೂ ಇಳಿಯಲಿಲ್ಲ. ನೋಡಿ, ಮತ್ತೆ ಅದೇ ಮಾತು. ರಕ್ತ ಬೇರೆ, ಗಡ್ಡೆ ಬೇರೆ.

ಮೊದಲ ಸ್ಕ್ಯಾನ್, ಅದೇ ಪಾಯ

ಮಾತ್ರೆ ಶುರು ಮಾಡುವ ಮೊದಲು ಒಂದು ಒಳ್ಳೆಯ ಸ್ಕ್ಯಾನ್ ಬೇಕು. ಆಮೇಲಿನದ್ದೆಲ್ಲ ಇದಕ್ಕೆ ಹೋಲಿಸಿ ನೋಡುವುದು. ಮುಟ್ಟು ಮುಗಿದ ಕೂಡಲೇ, ಅಂದರೆ ಶುರುವಾದ ದಿನದಿಂದ ಎಣಿಸಿ ಐದರಿಂದ ಹತ್ತನೇ ದಿನದೊಳಗೆ ಮಾಡಿಸುವುದು ಒಳ್ಳೇದು. ಆಗ ಒಳಪದರ ತೆಳ್ಳಗಿರುತ್ತದೆ, ಗಡ್ಡೆ ಅದನ್ನು ಎಲ್ಲಿ ಒತ್ತುತ್ತಿದೆ ಅಂತ ಚೆನ್ನಾಗಿ ಕಾಣುತ್ತದೆ. ರಕ್ತ ನಿಲ್ಲದೇ ಹೋಗುತ್ತಿದ್ದರೆ ದಿನ ಕಾಯಬೇಡಿ, ಹೋಗಿ.

ಎರಡು ಥರ ನೋಡುತ್ತಾರೆ. ಹೊಟ್ಟೆ ಮೇಲಿಂದ ನೋಡುವುದಕ್ಕೆ ಮೂತ್ರ ತುಂಬಿರಬೇಕು. ಒಂದು ಗಂಟೆ ಮುಂಚೆ ನಾಲ್ಕೈದು ಲೋಟ ನೀರು ಕುಡಿದು ಕೂತಿರಿ. ಟೋಕನ್ ತಗೊಂಡ ಮೇಲೆ ಕುಡಿಯಿರಿ, ಮನೆಯಲ್ಲೇ ಕುಡಿದು ಹೋದರೆ ಸಾಲಿನಲ್ಲಿ ನರಕ. ಇನ್ನೊಂದು ಯೋನಿಯ ಮೂಲಕ ನೋಡುವುದು, ಟಿವಿಎಸ್ ಅನ್ನುತ್ತಾರೆ. ಅದಕ್ಕೆ ಮೂತ್ರ ಖಾಲಿ ಮಾಡಿ ಬರಬೇಕು. ಹತ್ತಿರದಿಂದ ನೋಡುವುದರಿಂದ ಚಿತ್ರ ಸ್ಪಷ್ಟ. ಕಾಂಡೋಮ್ ಹಾಕಿದ ಸಣ್ಣ ಕೋಲು, ನೋವೇನೂ ಇರಲ್ಲ, ಮುಜುಗರ ಇರುತ್ತದೆ. ಲೇಡಿ ಡಾಕ್ಟರ್ ಬೇಕು ಅಂತ ಮೊದಲೇ ಕೇಳಬಹುದು. ಮದುವೆಯಾಗದ ಹುಡುಗಿಯರಿಗೆ ಸಾಮಾನ್ಯವಾಗಿ ಹೊಟ್ಟೆ ಮೇಲಿಂದಲೇ ನೋಡುತ್ತಾರೆ. ಗಡ್ಡೆ ತುಂಬಾ ದೊಡ್ಡದಿದ್ದು ಮೇಲಕ್ಕೆ ಬೆಳೆದಿದ್ದರೆ ಟಿವಿಎಸ್ ಕಣ್ಣಿಗೆ ಅಷ್ಟು ದೂರ ಸಿಗಲ್ಲ, ಆಗ ಎರಡೂ ಬೇಕಾಗುತ್ತದೆ.

ಸೀರೆಗಿಂತ ಚೂಡಿದಾರ್ ಅನುಕೂಲ. ಜೆಲ್ ಒರೆಸಿಕೊಳ್ಳಲು ಒಂದು ಹಳೇ ಕರವಸ್ತ್ರ ಇರಲಿ, ಅವರು ಕೊಡುವ ಟಿಶ್ಯೂ ಸಾಲಲ್ಲ.

ನನ್ನ ಮೊದಲ ಸ್ಕ್ಯಾನ್ 2022ರ ಜನವರಿಯಲ್ಲಿ. "ಇಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲ" ಅನ್ನುವ ಬೋರ್ಡಿನ ಕೆಳಗೆ, ಹೊಟ್ಟೆ ಹೊತ್ತ ಎಳೇ ಹುಡುಗಿಯರ ನಡುವೆ ನಾನೊಬ್ಬಳು ಕೂತಿದ್ದೆ. ಒಳಗೆ ಡಾಕ್ಟರಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬೂದು ಬಣ್ಣದಲ್ಲಿ ಕಪ್ಪಗೆ ದುಂಡಗೆ ಒಂದು ಆಕಾರ. ಅದರ ಈ ಅಂಚಿಗೆ ಒಂದು ಗುರುತು ಇಟ್ಟರು, ಆ ಅಂಚಿಗೆ ಇನ್ನೊಂದು. ನಡುವೆ ಚುಕ್ಕಿ ಚುಕ್ಕಿ ಗೆರೆ ಬಂತು, ಪಕ್ಕದಲ್ಲಿ ಅಂಕಿ. ನನಗೆ ತಕ್ಷಣ ಅರ್ಥವಾಯಿತು. ಓಹೋ, ಇದು ನನ್ನ ಕೆಲಸವೇ! ಟೇಪು ಹಿಡಿಯುವುದು. ಟೇಪು ಹಿಡಿಯುವ ಕೆಲಸ ಅಂದಮೇಲೆ ಅದರ ತಪ್ಪುಗಳೂ ನನಗೆ ಗೊತ್ತು. ಕಂಕುಳಿನ ಹತ್ತಿರ ಟೇಪು ಅರ್ಧ ಬೆರಳು ಮೇಲೆ ಹೋದರೆ ಅಳತೆ ಬದಲು. ಉಸಿರು ಒಳಗೆ ಎಳೆದಾಗ ಒಂದು, ಬಿಟ್ಟಾಗ ಒಂದು. ನಾನು ತಗೊಂಡ ಅಳತೆಗೂ ನನ್ನ ಹೆಲ್ಪರ್ ಹುಡುಗಿ ತಗೊಂಡ ಅಳತೆಗೂ ಯಾವತ್ತೂ ಕಾಲು ಇಂಚು ವ್ಯತ್ಯಾಸ.

ರಿಪೋರ್ಟಿನಲ್ಲಿ ಇವಿಷ್ಟು ಇವೆಯಾ ಅಂತ ಅಲ್ಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಬರೆಸಿಕೊಳ್ಳಿ: ಗಡ್ಡೆಯ ಮೂರೂ ಅಳತೆ (ಉದ್ದ, ಅಗಲ, ದಪ್ಪ), ಎಷ್ಟು ಗಡ್ಡೆ, ಪ್ರತಿಯೊಂದೂ ಎಲ್ಲಿ, ಒಳಪದರವನ್ನು ಮುಟ್ಟುತ್ತಿದೆಯಾ, ಒಳಪದರದ ದಪ್ಪ ಎಷ್ಟು ಮಿಲಿಮೀಟರ್, ಇಡೀ ಗರ್ಭಕೋಶದ ಅಳತೆ. ಗರ್ಭಕೋಶ ದೊಡ್ಡದಾಗಿದ್ದರೆ ಕಿಡ್ನಿಯನ್ನೂ ಒಮ್ಮೆ ನೋಡಿಸಿ. ಮೂತ್ರದ ನಾಳ ಒತ್ತಿಕೊಂಡು ಕಿಡ್ನಿ ಊದಿರಬಹುದು, ಅದು ನೋವಿಲ್ಲದೆ ಆಗುವ ತೊಂದರೆ.

ಗಡ್ಡೆಯ ಜಾಗಕ್ಕೆ 0ಯಿಂದ 8ರವರೆಗೆ ನಂಬರ್ ಇದೆ, ಫಿಗೋ ಟೈಪ್ ಅಂತ ಬರೆಯುತ್ತಾರೆ. 0 ಅಂದರೆ ಗರ್ಭಕೋಶದ ಒಳಗೆ ಕಾಯಿಯ ಹಾಗೆ ನೇತಾಡುವುದು. 7 ಅಂದರೆ ಹೊರಗಡೆ ನೇತಾಡುವುದು. 8 ಅಂದರೆ ಗರ್ಭಕೋಶದ ಕೊರಳಿನಂಥ ಬೇರೆ ಜಾಗ. ಎರಡು ಸೆಂಟಿಮೀಟರ್‌ನ 0 ಟೈಪಿನ ಗಡ್ಡೆ ರಕ್ತ ಸುರಿಸಬಲ್ಲದು, ಎಂಟು ಸೆಂಟಿಮೀಟರ್‌ನ 7 ಸುಮ್ಮನೆ ಇರಬಲ್ಲದು. ಒಳಗೆ ನೇತಾಡುವುದಿದ್ದರೆ ಮಾತ್ರೆಗಿಂತ ದುರ್ಬೀನು ಹಾಕಿ ಅದನ್ನೊಂದೇ ತೆಗೆಯುವುದು ಲೇಸು ಅಂತ ಡಾಕ್ಟರುಗಳೇ ಹೇಳುತ್ತಾರೆ. ನನ್ನದು 3, ಅಂದರೆ ಗೋಡೆಯೊಳಗಿದ್ದು ಒಳಪದರಕ್ಕೆ ತಾಗಿಕೊಂಡದ್ದು.

ಮೂರು ಅಳತೆ ಯಾಕೆ

ನನ್ನ ಮೊದಲ ಅಂಕಿ: 6.2, 5.4, 5.1 ಸೆಂಟಿಮೀಟರ್. ಮೂರನ್ನೂ ಗುಣಿಸಿ, ಬಂದದ್ದನ್ನು 0.523ರಿಂದ ಗುಣಿಸಿ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. 89 ಬಂತು. ಅಂದರೆ ಗಡ್ಡೆಯ ಗಾತ್ರ 89 ಮಿಲಿಲೀಟರ್, ಅರ್ಧ ಲೋಟ ಹಾಲಿಗೆ ಸ್ವಲ್ಪ ಕಡಿಮೆ.

ಮೂರು ತಿಂಗಳ ಮಾತ್ರೆ ಮುಗಿದಾಗ: 5.3, 4.6, 4.4. ನಮ್ಮ ಮನೆಯವರು ರಿಪೋರ್ಟ್ ನೋಡಿ "ಅಷ್ಟು ದುಡ್ಡು ಕೊಟ್ಟು ಒಂದು ಸೆಂಟಿಮೀಟರೂ ಇಳಿದಿಲ್ಲವಲ್ಲೇ" ಅಂದರು. ಗುಣಿಸಿ ತೋರಿಸಿದೆ: 56. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಗಿತ್ತು! ಶೇಂಗಾ ಉಂಡೆ ಕಟ್ಟುವವರಿಗೆ ಇದು ಗೊತ್ತಿರುತ್ತದೆ. ಐದು ಸೆಂಟಿಮೀಟರ್ ಅಡ್ಡಳತೆಯ ಉಂಡೆ ಕಟ್ಟುವ ಪುಡಿಯಲ್ಲಿ ನಾಲ್ಕು ಸೆಂಟಿಮೀಟರ್‌ನವು ಹತ್ತಿರ ಹತ್ತಿರ ಎರಡು ಬರುತ್ತವೆ. ನೋಡಲು ಸ್ವಲ್ಪವೇ ಸಣ್ಣ, ಒಳಗಿನ ಸರಕು ಅರ್ಧ.

ಇದರ ಇನ್ನೊಂದು ಮುಖವೂ ಇದೆ. ಆರು ಸೆಂಟಿಮೀಟರ್ ಗಡ್ಡೆಯಲ್ಲಿ ಪ್ರತಿ ಅಳತೆ ಮೂರು ಮಿಲಿಮೀಟರ್ ಆಚೀಚೆ ಆದರೆ ಗಾತ್ರದಲ್ಲಿ ನೂರಕ್ಕೆ ಹದಿನೈದು ಬದಲಾಗುತ್ತದೆ. ಮೂರು ಮಿಲಿಮೀಟರ್ ಕೈ ತಪ್ಪು ಯಾರಿಗಾದರೂ ಆಗಬಹುದು. ಅದಕ್ಕೇ ನಮ್ಮ ಡಾಕ್ಟರ್ ನೂರಕ್ಕೆ ಹದಿನೈದು ಇಪ್ಪತ್ತರ ಒಳಗಿನ ಏರಿಳಿತವನ್ನು "ಹಾಗೇ ಇದೆ" ಅಂತಲೇ ಬರೆಯುತ್ತಾರೆ.

ನಾನು ಮಾಡಿದ ತಪ್ಪು

ಮಾತ್ರೆ ಶುರು ಮಾಡಿ ಐದು ವಾರ ಆಗಿತ್ತು. ತಡೆಯಲಾಗಲಿಲ್ಲ. ಕರಗಿದೆಯಾ ನೋಡಿಬಿಡೋಣ ಅಂತ ತಂಗಿಯ ಜೊತೆ ಬೇರೊಂದು ಕಡೆ ರಿಯಾಯಿತಿ ದರದಲ್ಲಿ ಸ್ಕ್ಯಾನ್ ಮಾಡಿಸಿದೆ. ಹಳೇ ರಿಪೋರ್ಟ್ ಒಯ್ಯಲಿಲ್ಲ, ನೀರು ಸರಿಯಾಗಿ ಕುಡಿದಿರಲಿಲ್ಲ, ಹೊಟ್ಟೆ ಮೇಲಿಂದ ಎರಡು ನಿಮಿಷ ನೋಡಿದರು. ರಿಪೋರ್ಟಿನಲ್ಲಿ ಬರೀ ಎರಡು ಅಂಕಿ: 6.8, 6.1. ದೊಡ್ಡದಾಗಿದೆ! ಆ ರಾತ್ರಿ ನಿದ್ದೆ ಇಲ್ಲ. ಮಾರನೇ ದಿನ ಮಾತ್ರೆ ನುಂಗಲಿಲ್ಲ. ಮದುವೆ ಬ್ಲೌಸ್ ಒಂದಕ್ಕೆ ತೋಳು ಉಲ್ಟಾ ಹಚ್ಚಿದೆ.

ಡಾಕ್ಟರ್ ಬೈಯಲಿಲ್ಲ. ಪುಸ್ತಕ ತೆಗೆಸಿದರು. "ಮುಟ್ಟು ಬಂತಾ?" ಇಲ್ಲ. "ಹಿಮೋಗ್ಲೋಬಿನ್?" 9.6. "ಮತ್ತೆ ಯಾಕಮ್ಮ ಅಳ್ತೀರಿ?" ಆ ಸ್ಕ್ಯಾನಿನಲ್ಲಿ ಗಡ್ಡೆಯ ಅಂಚು ಬಿಟ್ಟು ಸುತ್ತಲಿನ ಗೋಡೆಯನ್ನೂ ಸೇರಿಸಿ ಅಳೆದಿರಬಹುದು ಅಂದರು. ಬೇರೆ ಮಷೀನು, ಬೇರೆ ಕೈ, ಬೇರೆ ದಾರಿ. ನಾನು ಗಿರಾಕಿಗಳಿಗೆ ದಿನಾ ಹೇಳುವ ಮಾತು ನನಗೇ ಮರೆತಿತ್ತು: ಅಳತೆ ಬ್ಲೌಸ್ ತರದೆ ಬರಬೇಡಿ ಅಂತ.

ಹಾಗಾಗಿ ಒಂದೇ ಸೆಂಟರ್, ಸಾಧ್ಯವಾದರೆ ಒಬ್ಬರೇ ಡಾಕ್ಟರ್, ಪ್ರತಿ ಸಲ ಅದೇ ವಿಧಾನ, ಕೈಯಲ್ಲಿ ಹಳೇ ರಿಪೋರ್ಟ್. ಮಾತ್ರೆಯ ಹೆಸರು, ಎಷ್ಟನೇ ದಿನ, ಕೊನೆಯ ಮುಟ್ಟಿನ ತಾರೀಕು, ಇವನ್ನು ಒಂದು ಚೀಟಿಯಲ್ಲಿ ಬರೆದು ಸ್ಕ್ಯಾನ್ ಡಾಕ್ಟರಿಗೆ ಕೊಡಿ. ಶುರುವಿನಲ್ಲಿ ಒಂದು, ಮೂರು ತಿಂಗಳಿಗೆ ಒಂದು, ಔಷಧಿ ಮುಂದುವರಿದರೆ ಆರಕ್ಕೆ ಒಂದು. ಆಮೇಲೆ ಆರು ತಿಂಗಳಿಗೋ ವರ್ಷಕ್ಕೋ. ನಡುನಡುವೆ ಕುತೂಹಲಕ್ಕೆ ಮಾಡಿಸಿದರೆ ದುಡ್ಡು ದಂಡ, ನೆಮ್ಮದಿಯೂ ದಂಡ.

ಇನ್ನೊಂದು ಸಣ್ಣ ಬುದ್ಧಿಮಾತು. ಸ್ಕ್ಯಾನ್ ಚಿತ್ರಗಳನ್ನು ಎಷ್ಟೋ ಕಡೆ ಬಸ್ ಟಿಕೆಟ್ ಥರದ ನುಣುಪು ಕಾಗದದಲ್ಲಿ ಕೊಡುತ್ತಾರೆ. ವರ್ಷ ಕಳೆದರೆ ಮಾಸಿಹೋಗುತ್ತದೆ. ನಾನು ಜಾಣತನ ಮಾಡಿ ಪಕ್ಕದ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಲು ಕೊಟ್ಟೆ. ಬಿಸಿ ತಗುಲಿದ್ದೇ ತಡ, ಪೂರ್ತಿ ಕಪ್ಪು. ಆ ಕಾಗದಕ್ಕೆ ಬಿಸಿಯೇ ಶಾಯಿ! ಮೊಬೈಲಿನಲ್ಲಿ ಫೋಟೋ ತೆಗೆದು ಮಕ್ಕಳಿಗೆ ವಾಟ್ಸಾಪ್ ಮಾಡಿಡಿ.

ಒಳಪದರ ದಪ್ಪ ಅಂತ ಬಂದರೆ

ಮೂರು ತಿಂಗಳ ಸ್ಕ್ಯಾನ್‌ನಲ್ಲಿ ಗಡ್ಡೆ ಇಳಿದಿತ್ತು, ಆದರೆ ಕೆಳಗೆ ಇನ್ನೊಂದು ಸಾಲು: ಒಳಪದರ 14 ಮಿಲಿಮೀಟರ್. ಜನವರಿಯಲ್ಲಿ 6 ಇತ್ತು. ಇಂಟರ್‌ನೆಟ್ಟಿನಲ್ಲಿ ನೋಡಿದರೆ ಕ್ಯಾನ್ಸರ್ ಅಂತಲೇ ಬರುತ್ತದೆ, ನೋಡಬೇಡಿ. ಮಿಫೆಪ್ರಿಸ್ಟೋನ್, ಯುಲಿಪ್ರಿಸ್ಟಾಲ್ ಜಾತಿಯ ಮಾತ್ರೆಗಳಿಂದ ಒಳಪದರ ಹೀಗೆ ದಪ್ಪಗೆ ಕಾಣುವುದು ಗೊತ್ತಿರುವ ವಿಷಯ. ಮಾತ್ರೆ ನಿಲ್ಲಿಸಿ ಮುಟ್ಟು ಬಂದ ಮೇಲೆ ಮತ್ತೆ ತೆಳ್ಳಗಾಗುತ್ತದೆ. ಸ್ಕ್ಯಾನ್ ಮಾಡುವವರಿಗೆ ನೀವು ಯಾವ ಮಾತ್ರೆಯಲ್ಲಿದ್ದೀರಿ ಅಂತ ಗೊತ್ತಿದ್ದರೆ ಅವರೇ ಹಾಗೆ ಬರೆಯುತ್ತಾರೆ. ಗೊತ್ತಿಲ್ಲದಿದ್ದರೆ ಇನ್ನೊಂದು ಬಯಾಪ್ಸಿಗೆ ದಾರಿ. ನನ್ನ ಚೀಟಿ ಕೆಲಸಕ್ಕೆ ಬಂದದ್ದು ಇಲ್ಲಿ. ನಿಲ್ಲಿಸಿ ಎರಡು ತಿಂಗಳಿಗೆ ನೋಡಿದಾಗ ಮತ್ತೆ 6. ಹಾಗೆ ಇಳಿಯದೆ ದಪ್ಪಗೇ ಉಳಿದರೆ ಮಾತ್ರ ಮುಂದಿನ ತಪಾಸಣೆ.

ಕಾಯದೆ ಹೋಗಬೇಕಾದದ್ದು

ಗಂಟೆಗೊಂದು ಪ್ಯಾಡ್ ನೆನೆದು ಒಂದೆರಡು ಗಂಟೆಯಾದರೂ ನಿಲ್ಲದಿದ್ದರೆ, ತಲೆ ತಿರುಗಿ ಬಿದ್ದರೆ, ತಕ್ಷಣ ಆಸ್ಪತ್ರೆ. ಹೊಟ್ಟೆ ನೋವಿನ ಜೊತೆ ಜ್ವರ ಬಂದರೆ, ಮೂತ್ರ ಕಟ್ಟಿದರೆ ಅದೂ. ಗಡ್ಡೆ ಕುಗ್ಗಿಸುವ ಔಷಧಿಯಲ್ಲಿರುವಾಗಲೇ ಅದೇ ಸೆಂಟರಿನ ಅಳತೆಯಲ್ಲಿ ಗಡ್ಡೆ ಎದ್ದು ಕಾಣುವಷ್ಟು ಬೆಳೆದರೆ, ಅಥವಾ ಮುಟ್ಟು ಪೂರ್ತಿ ನಿಂತ ಮೇಲೆ ಬೆಳೆದರೆ, ರಕ್ತ ಕಂಡರೆ, "ಫೈಬ್ರಾಯ್ಡೇ ಇರಬೇಕು" ಅಂತ ಕೂರಬೇಡಿ. ಫೈಬ್ರಾಯ್ಡ್ ಕ್ಯಾನ್ಸರ್ ಅಲ್ಲ. ಆದರೆ ಅದರ ವೇಷ ಹಾಕಿಕೊಂಡು ಅಪರೂಪಕ್ಕೆ ಕ್ಯಾನ್ಸರ್ ಇರುತ್ತದೆ. ಆಗ ಎಂಆರ್‌ಐ ಕೇಳಿದರೆ ದುಡ್ಡಿಗೆ ಹೇಳಿದ್ದು ಅಂದುಕೊಳ್ಳಬೇಡಿ.

ನಿಲ್ಲಿಸಿದ ಮೇಲೆ

ಮಾತ್ರೆ ನಿಲ್ಲಿಸಿದಾಗ ನನ್ನ ಹಿಮೋಗ್ಲೋಬಿನ್ 11.2. ಮೆಟ್ಟಿಲು ಹತ್ತಿ ಟೆರೇಸಿನಲ್ಲಿ ಹಪ್ಪಳ ಒಣಗಿಸಿದೆ, ಅದೇ ದೊಡ್ಡ ಸುದ್ದಿ. ಆರು ವಾರಕ್ಕೆ ಮುಟ್ಟು ವಾಪಸ್ ಬಂತು. ಆ ತಿಂಗಳ ಮೊತ್ತ 130. ಆರು ತಿಂಗಳಿಗೆ ಸ್ಕ್ಯಾನ್: 5.6, 4.9, 4.7. ಅಂದರೆ 67 ಮಿಲಿಲೀಟರ್, ಸ್ವಲ್ಪ ವಾಪಸ್ ಬೆಳೆದಿತ್ತು. ಬೆಳೆಯುತ್ತದೆ ಅಂತ ಮೊದಲೇ ಹೇಳಿದ್ದರಿಂದ ಈ ಸಲ ಅಳಲಿಲ್ಲ. ಎರಡನೇ ಸುತ್ತು ಮಾತ್ರೆ ಬೇಕಾ ಅಂತ ಕೇಳಿದೆ. "ನಿಮ್ಮ ಪುಸ್ತಕ ಏನ್ ಹೇಳುತ್ತೆ?" ಅಂದರು. ರಕ್ತ ತಡೆಯುವಷ್ಟಿತ್ತು. ಮುಟ್ಟಿನ ಮೊದಲ ಮೂರು ದಿನ ಮಾತ್ರ ಟ್ರಾನೆಕ್ಸಾಮಿಕ್, ಉಳಿದಂತೆ ಏನೂ ಬೇಡ ಅಂತ ತೀರ್ಮಾನ ಆಯಿತು. ಮುಟ್ಟು ನಿಂತರೆ ಈ ಗಡ್ಡೆಗೆ ಊಟ ಹಾಕುವ ಹಾರ್ಮೋನೇ ಕಡಿಮೆಯಾಗುತ್ತದೆ, ಅಲ್ಲಿಯವರೆಗೆ ದಾಟಿಸಿದರೆ ಸಾಕು ಅನ್ನುವುದು ಅವರ ಲೆಕ್ಕ. ಮೂವತ್ತು ವರ್ಷದವಳಿಗೆ, ಮಗು ಬೇಕು ಅನ್ನುವವಳಿಗೆ ಈ ಲೆಕ್ಕ ನಡೆಯಲ್ಲ. ಅವರಿಗೆ ಗಡ್ಡೆಯೊಂದನ್ನೇ ತೆಗೆಯುವ ಆಪರೇಷನ್ ಬಗ್ಗೆ ಡಾಕ್ಟರ್ ಹತ್ತಿರ ಕೂತು ಮಾತಾಡಬೇಕು.

ಕಳೆದ ಸಲದ ಅಳತೆ 4.9, 4.3, 4.1. ಗುಣಿಸಿದರೆ 45. ಮುಟ್ಟು ಈಗ ಮೂರು ನಾಲ್ಕು ತಿಂಗಳಿಗೊಮ್ಮೆ, ಬಂದರೂ ನಲವತ್ತು ಐವತ್ತು ಅಂಕಿ. ಸ್ಟೂಲಿನ ಮೇಲಿನ ಟವಲ್ ತೆಗೆದಿದ್ದೇನೆ. ಅಳತೆ ಪುಸ್ತಕ ಹಿಂದಿನಿಂದಲೂ ಮುಂದಿನಿಂದಲೂ ತುಂಬುತ್ತಾ ಬಂದು ನಡುವೆ ನಾಲ್ಕು ಹಾಳೆ ಉಳಿದಿವೆ.